ಯಾವ ಲಿನಕ್ಸ್ ಹಾಕ್ಕೊಳ್ಳೋದು?

ಮೊದಲ ವರ್ಷದ ಗೆಳೆಯರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ: "ಲಿನಕ್ಸ್‌ನಲ್ಲಿ ಯಾವುದು ಬೆಸ್ಟ್?" ಹೋದ ವರ್ಷ ನಾವೂ ಇದನ್ನೇ ಕೇಳುತ್ತಿದ್ದೆವು. ಪ್ರಶ್ನೆಯೇ ಸರಿಯಿಲ್ಲ ಅಂತ ಗೊತ್ತಾಗಿದ್ದು ಏಟು ತಿಂದ ಮೇಲೆ.

ಲಿನಕ್ಸ್ ಅಂದರೆ ನಿಜವಾಗಿ ಕರ್ನಲ್ ಮಾತ್ರ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಅದರ ಜೊತೆ ಗ್ನೂ ಸಾಧನಗಳು, ಡೆಸ್ಕ್‌ಟಾಪ್, ಪ್ಯಾಕೇಜ್ ಮ್ಯಾನೇಜರ್ ಎಲ್ಲ ಸೇರಿಸಿ ಕೊಟ್ಟರೆ ಅದು ಡಿಸ್ಟ್ರೋ. ಅಕ್ಕಿ ಒಂದೇ, ಒಬ್ಬರು ಚಿತ್ರಾನ್ನ ಮಾಡ್ತಾರೆ, ಇನ್ನೊಬ್ಬರು ಬಿಸಿಬೇಳೆಬಾತ್. ಹಾಗಾಗಿ ನೋಡಬೇಕಾದ್ದು ವಾಲ್‌ಪೇಪರ್ ಅಲ್ಲ. ಎರಡೇ ವಿಷಯ: ಸಾಫ್ಟ್‌ವೇರ್ ಎಷ್ಟು ಬೇಗ ಬದಲಾಗುತ್ತೆ? ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತೆ?

ಈ ಲೆಕ್ಕದಲ್ಲಿ ಮೂರು ಗುಂಪು ಮಾಡಬಹುದು.

1. ನಿಧಾನದವು: ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಕೊಡುತ್ತದೆ. ಉಬುಂಟು ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ.

2. ಚುರುಕಿನವು: ಫೆಡೋರಾ ಸುಮಾರು ಆರು ತಿಂಗಳಿಗೊಂದು ಆವೃತ್ತಿ. ಪ್ರತಿಯೊಂದಕ್ಕೂ ಆಯಸ್ಸು ಸುಮಾರು 13 ತಿಂಗಳು.

3. ಹರಿಯುವ ನೀರಿನಂಥವು: ಆರ್ಚ್‌ನಂಥ ರೋಲಿಂಗ್ ಡಿಸ್ಟ್ರೋಗಳು. ಆವೃತ್ತಿ ಅನ್ನೋದೇ ಇಲ್ಲ, ಹೊಸದು ಬಂದ ಹಾಗೆ ಬರ್ತಾನೇ ಇರುತ್ತೆ.

ನಾವು ಏಟು ತಿಂದಿದ್ದು ಮೂರನೆಯದರಲ್ಲಿ. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡ್ತಿದೆ ಅಂತ ಒಂದು ರೋಲಿಂಗ್ ಡಿಸ್ಟ್ರೋವನ್ನೇ ಮಿನಿ ಪ್ರಾಜೆಕ್ಟಿನ ಸರ್ವರ್‌ಗೂ ಹಾಕಿದೆವು. ಡೆಮೋ ಹಿಂದಿನ ರಾತ್ರಿ ಯಾಕೋ ಅಪ್‌ಡೇಟ್ ಒತ್ತಿದೆವು. ಪೋಸ್ಟ್‌ಗ್ರೆಸ್‌ಕ್ಯುಎಲ್‌ನ ಹೊಸ ಮುಖ್ಯ ಆವೃತ್ತಿ ಬಂತು. ಅದು ಹಳೆಯ ಆವೃತ್ತಿಯ ಡೇಟಾ ಫೋಲ್ಡರನ್ನು ನೇರವಾಗಿ ಓದುವುದಿಲ್ಲ, ನಾವೇ ಮೈಗ್ರೇಟ್ ಮಾಡಬೇಕು. ಡೇಟಾಬೇಸ್ ಸ್ಟಾರ್ಟೇ ಆಗಲಿಲ್ಲ. ಬ್ಯಾಕಪ್ಪೂ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಹೇಗೋ ಸರಿಯಾಯಿತು. ತಪ್ಪು ಡಿಸ್ಟ್ರೋದ್ದಲ್ಲ, ಅದು ತನ್ನ ಕೆಲಸ ಮಾಡಿತ್ತು. ಜಾಗ ತಪ್ಪಿಸಿದ್ದು ನಾವು.

ಹಾಗಾದರೆ ಡೆಸ್ಕ್‌ಟಾಪ್‌ಗೆ? ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಲ್‌ಟಿಎಸ್ ಸುಲಭ. ಹೊಸ ಲ್ಯಾಪ್‌ಟಾಪ್, ಹೊಸ ಕಂಪೈಲರ್ ಬೇಕು ಅನ್ನುವವರಿಗೆ ಫೆಡೋರಾ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ, ವೈಫೈ, ಸೌಂಡ್ ನೋಡಿಕೊಳ್ಳಿ. ಕನ್ನಡ ಟೈಪಿಂಗ್ ಕೂಡ: ಐಬಸ್‌ಗೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ ವಿನ್ಯಾಸ ಸಿಗುತ್ತದೆ.

ಸರ್ವರ್‌ಗೆ ಡೆಬಿಯನ್, ಉಬುಂಟು ಎಲ್‌ಟಿಎಸ್, ಇಲ್ಲವೇ ಆಲ್ಮಾ ಅಥವಾ ರಾಕಿ ಲಿನಕ್ಸ್. ಕೊನೆಯ ಎರಡು 2021ರಲ್ಲಿ ಬಂದವು, ಅದಕ್ಕೊಂದು ಕಾರಣವಿದೆ. 2029ರ ತನಕ ಇರುತ್ತೆ ಅಂತ ಜನ ನಂಬಿದ್ದ ಸೆಂಟ್‌ಓಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸುತ್ತೇವೆ ಅಂತ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಆ ಜಾಗ ತುಂಬಲು ಇವೆರಡು ಹುಟ್ಟಿದವು. ಅಂದರೆ ಡಿಸ್ಟ್ರೋದ ಹಿಂದೆ ಯಾರಿದ್ದಾರೆ ಅನ್ನೋದನ್ನೂ ನೋಡಬೇಕು.

ಇನ್ನು ಮುಂದೆ "ಯಾವುದು ಬೆಸ್ಟ್" ಅಂತ ಯಾರಾದರೂ ಕೇಳಿದರೆ ನಾವು ತಿರುಗಿ ಕೇಳೋದು ಇಷ್ಟೇ: ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಅಪ್‌ಡೇಟ್ ಮಾಡೋರು ಯಾರು? ಮತ್ತೆ, ಬ್ಯಾಕಪ್ ಇದೆಯಾ?