ಆಣೆಯ ಮತ

ಚುನಾವಣೆಯಲ್ಲಿ ಹಣ ಹಂಚುವ ವಿಚಾರ ಬಂದಾಗಲೆಲ್ಲ ಪಟ್ಟಣದ ವಿದ್ಯಾವಂತರು ಬಡವರ ದುರಾಸೆಯನ್ನು ದೂಷಿಸಿ ಸುಮ್ಮನಾಗುವುದು ವಾಡಿಕೆ. ಕಣ್ವ ಜಲಾಶಯಕ್ಕೆ ಸಮೀಪವಾದ ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯನಾಗಿದ್ದು, ನಿವೃತ್ತನಾದ ಮೇಲೂ ಅಲ್ಲಿಯೇ ನೆಲೆನಿಂತಿರುವ ನನಗೆ, 2020ರ ಡಿಸೆಂಬರಿನಲ್ಲಿ ನಡೆದ ಗ್ರಾಮಪಂಚಾಯಿತಿ ಚುನಾವಣೆಯು ಕಲಿಸಿದ ಪಾಠವಾದರೋ ಬೇರೆ. ನಮ್ಮ ಜನರು ನೋಟಿಗೆ ಸೋಲುವುದಕ್ಕಿಂತ ಹೆಚ್ಚಾಗಿ, ಆ ನೋಟಿನೊಡನೆ ಮಾಡಿಸಿಕೊಳ್ಳುವ ಆಣೆಗೆ ಸೋಲುತ್ತಾರೆ.

ಮತದಾನದ ಹಿಂದಿನ ಇರುಳಿಗೆ ‘ಕತ್ತಲರಾತ್ರಿ’ ಎಂದು ಹೆಸರು. ಊರು ಮಲಗಿದ ತರುವಾಯ ಇಬ್ಬರು ಬಂದು ಬಾಗಿಲು ತಟ್ಟುತ್ತಾರೆ; ಮೊಬೈಲಿನ ಬೆಳಕಿನಲ್ಲಿ ಮತದಾರರ ಪಟ್ಟಿಯನ್ನು ಹಿಡಿದು ಮನೆಯಲ್ಲಿ ಎಷ್ಟು ಓಟುಗಳಿವೆಯೆಂದು ಎಣಿಸುತ್ತಾರೆ; ಗೋಡೆಯ ಮೇಲಿನ ದೇವರ ಪಟವನ್ನು ಇಳಿಸಿ, ಅದರ ಮೇಲೆ ಕೈಯಿಡಿಸಿ, ಆಮೇಲೆ ಕವರನ್ನು ಕೊಡುತ್ತಾರೆ. ಹಿಂದಿನೊಂದು ಚುನಾವಣೆಯ ಮರುದಿನ ನಮ್ಮ ಬೀದಿಯ ವೃದ್ಧೆಯೊಬ್ಬಳು ನನ್ನೆದುರು ತಲೆತಗ್ಗಿಸಿ ನಿಂತು, “ಈಸ್ಕಂಡ್ಬುಟ್ಟೆ ಮೇಷ್ಟ್ರೇ, ಕಬ್ಬಾಳಮ್ಮನ ಪಟ ಮುಟ್ಟಿವ್ನಿ. ತಪ್ಪಿ ನಡ್ಕಂಡ್ರೆ ಮಕ್ಕಳು ಮರೀಗೆ ಒಳ್ಳೇದಾಯ್ತದಾ?” ಎಂದಳು. ಆಕೆಯ ಧ್ವನಿಯಲ್ಲಿದ್ದುದು ಲೋಭವಲ್ಲ, ಭಯ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಯಿಸಿದ ಕೆಂಗಲ್ ಹನುಮಂತಯ್ಯನವರು ಇದೇ ಜಿಲ್ಲೆಯವರು. ಅವರ ನೆಲದಲ್ಲಿಯೇ ದೈವಭಕ್ತಿಯು ಲಂಚಕ್ಕೆ ಜಾಮೀನಾಗಿ ನಿಲ್ಲುವಂತಾದುದು ನನ್ನ ಮನಸ್ಸನ್ನು ಇಂದಿಗೂ ಸುಡುತ್ತದೆ.

ಇಷ್ಟು ಸಣ್ಣ ಸ್ಥಾನಕ್ಕೆ ಇಷ್ಟೊಂದು ಹಣವೇಕೆ ಎಂದು ಕೇಳುವವರು ನಮ್ಮ ಜಿಲ್ಲೆಯ ಭೂಮಿಯ ಬೆಲೆಯನ್ನು ಒಮ್ಮೆ ವಿಚಾರಿಸಬೇಕು. ಬೆಂಗಳೂರು ಬಿಡದಿಯನ್ನು ದಾಟಿ ಇತ್ತ ಚಾಚುತ್ತಿರುವಾಗ, ಬಡಾವಣೆಗಳ ಖಾತೆ, ಇ-ಸ್ವತ್ತು, ನರೇಗಾ ಬಿಲ್ಲು, ಆಶ್ರಯ ಮನೆಗಳ ಪಟ್ಟಿ ಎಲ್ಲವೂ ಪಂಚಾಯಿತಿಯ ಮೇಜನ್ನು ಹಾದೇ ಹೋಗಬೇಕು. ಅದೇ ಡಿಸೆಂಬರಿನಲ್ಲಿ ನಾಡಿನ ಕೆಲವೆಡೆ ಸದಸ್ಯಸ್ಥಾನಗಳನ್ನು ಬಹಿರಂಗವಾಗಿ ಹರಾಜು ಹಾಕಿದ ವಾರ್ತೆಗಳು ಬಂದು, ರಾಜ್ಯ ಚುನಾವಣಾ ಆಯೋಗವು ಎಚ್ಚರಿಕೆ ಕೊಡಬೇಕಾಯಿತು.

ಕಾನೂನಿನ ಭಯವನ್ನು ತೋರಿಸುವುದರಿಂದ ಪ್ರಯೋಜನ ಅತ್ಯಲ್ಪವೆಂಬುದನ್ನು ನಾನು ಬಲ್ಲೆ. ಅಂದು ಭಾರತೀಯ ದಂಡ ಸಂಹಿತೆಯ 171ಬಿ, ಇಂದು ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನ ಪ್ರಕಾರ ಹಣ ಕೊಟ್ಟವನಂತೆ ಪಡೆದವನೂ ಅಪರಾಧಿಯೇ. ಆದುದರಿಂದ ಸಾಕ್ಷಿ ಹೇಳಲು ಯಾರೂ ಮುಂದೆ ಬರುವುದಿಲ್ಲ. ನಮಗೆ ದಾರಿ ತೆರೆದುದು ಸ್ತ್ರೀಶಕ್ತಿ ಸಂಘದ ವಾರದ ಸಭೆ. ಉಳಿತಾಯದ ಪುಸ್ತಕವನ್ನು ಪೈಸೆ ತಪ್ಪದಂತೆ ಬರೆಯುವ ಆ ಹೆಂಗಸರ ಮುಂದೆ ಉಪದೇಶ ಮಾಡದೆ ಒಂದು ಲೆಕ್ಕವನ್ನಿಟ್ಟೆ. ಸದಸ್ಯನಿಗೆ ಆಗ ತಿಂಗಳಿಗೆ ಬರುತ್ತಿದ್ದ ಗೌರವಧನ 1,000 ರೂಪಾಯಿ. ಐದು ವರ್ಷಕ್ಕೆ 60,000. ಲಕ್ಷಗಟ್ಟಲೆ ಸುರಿದವನ ಗತಿಯೇನು? ಕ್ಷಣಕಾಲ ಯಾರೂ ಮಾತನಾಡಲಿಲ್ಲ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಆಗತಾನೆ ಬಂದಿದ್ದ ಒಬ್ಬಾಕೆ, “ಹಂಗಾರೆ ಮಿಕ್ಕಿದ್ದ ಯಾರ್ತಾವ ವಸೂಲಿ ಮಾಡ್ತಾರೆ ಮೇಷ್ಟ್ರೇ?” ಎಂದು ಕೇಳಿದಳು. ಉತ್ತರವನ್ನು ನಾನು ಹೇಳಬೇಕಾಗಲಿಲ್ಲ. ಹಿಂದೆ ಖಾತೆಗಾಗಿ, ಮನೆಯ ಬಿಲ್ಲಿಗಾಗಿ ಕೊಟ್ಟದ್ದನ್ನು ಒಬ್ಬೊಬ್ಬರೇ ನೆನೆದರು.

ಹಣ ಮುಟ್ಟುವುದಿಲ್ಲವೆಂದು ದೇವಸ್ಥಾನದಲ್ಲಿ ಎಲ್ಲರಿಂದ ಪ್ರತಿಜ್ಞೆ ಮಾಡಿಸೋಣವೆಂದು ಕೆಲವು ತರುಣರು ಸೂಚಿಸಿದರು. ನಾನು ಒಪ್ಪಲಿಲ್ಲ. ಆಣೆಯಿಂದ ಕಟ್ಟಲ್ಪಟ್ಟ ಮತವನ್ನು ಮತ್ತೊಂದು ಆಣೆಯಿಂದ ಬಿಡಿಸಿದರೆ ಅದು ಸ್ವತಂತ್ರವಾದೀತೆ? ಅದರ ಬದಲು ಹೆಂಗಸರೇ ಒಂದು ಮಾತನ್ನು ಗೊತ್ತುಮಾಡಿಕೊಂಡರು. ಬಂದವರು ಯಾರೇ ಆಗಲಿ, “ನಮ್ಮನೇಲಿ ಆಣೆ ಇಡಾಕಿಲ್ಲ ಕಣಣ್ಣ” ಎಂದು ಬಾಗಿಲಲ್ಲೇ ಹೇಳಿಬಿಡುವುದು. ಆಣೆಯಿಲ್ಲದ ಕಡೆ ಕವರು ಇಡಲು ಹಂಚುವವರೇ ಹಿಂಜರಿದರು. ಕೊಂಡದ್ದು ಕೈಗೆ ಬಂದೀತೆಂಬ ನಂಬಿಕೆಯೇ ಇಲ್ಲದ ಮೇಲೆ ವ್ಯಾಪಾರ ಹೇಗೆ ನಡೆದೀತು?

ಗೂಡಿನ ಲೆಕ್ಕ ಬಲ್ಲ ಆ ಹೆಣ್ಣುಮಗಳನ್ನೇ ಅಭ್ಯರ್ಥಿಯಾಗಿ ನಿಲ್ಲಿಸಿ, ಖರ್ಚಿಗೆ ಮನೆಮನೆಯಿಂದ ಚಂದಾ ಎತ್ತಿದೆವು. ಇದೇನೂ ಹೊಸದಲ್ಲ, 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಲ್ಲಿ ಶಾಂತವೇರಿ ಗೋಪಾಲಗೌಡರು ಜನರ ಪುಡಿಗಾಸಿನಿಂದಲೇ ಗೆದ್ದವರು, ‘ಒಂದು ನೋಟು, ಒಂದು ಓಟು’ ಎಂಬ ರೈತಸಂಘದ ಘೋಷಣೆಯನ್ನು ನೆರೆಯ ಮಂಡ್ಯದವರು ಚೆನ್ನಾಗಿ ಬಲ್ಲರು. ಹತ್ತು ರೂಪಾಯಿ ಕೊಟ್ಟ ಮನೆಯವರು ಆ ಅಭ್ಯರ್ಥಿಯನ್ನು ತಮ್ಮವಳೆಂದು ಭಾವಿಸಿದರು. ಎಷ್ಟು ಕರಪತ್ರ ಅಚ್ಚಾಯಿತೆಂದು ಕೇಳುವ ಅಧಿಕಾರವೂ ಅವರಿಗೆ ಬಂದಿತು.

ಆಕೆ ಸೋತಳು. ಬೇರೆ ಬೀದಿಗಳಲ್ಲಿ ಆ ರಾತ್ರಿ ಎಂದಿನಂತೆಯೇ ನಡೆದಿತ್ತು. ಆದಾಗ್ಯೂ ಮುಂದಿನ ಗ್ರಾಮಸಭೆಗೆ ಆ ಹೆಂಗಸರು ಗುಂಪಾಗಿ ಹೋಗಿ, ಮನೆಗಳ ಫಲಾನುಭವಿಗಳ ಪಟ್ಟಿಯನ್ನು ಎಲ್ಲರೆದುರು ಓದಿ ಹೇಳಬೇಕೆಂದು ಕುಳಿತರು. ಪಟ್ಟಿಯನ್ನು ಓದಲಾಯಿತು, ಅನರ್ಹರ ಹೆಸರುಗಳನ್ನು ಅಲ್ಲಿಯೇ ತೆಗೆಯಲಾಯಿತು. ಕವರು ಪಡೆದಿದ್ದರೆ ಆ ಸಭೆಯಲ್ಲಿ ಅವರ ಬಾಯಿ ಏಳುತ್ತಿರಲಿಲ್ಲ.

ರಾಮನಗರ, ಕನಕಪುರ, ಮಾಗಡಿ, ಚನ್ನಪಟ್ಟಣಗಳ ನನ್ನ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಮುಂದಿನ ಚುನಾವಣೆಯ ಮಾತನ್ನು ಕತ್ತಲರಾತ್ರಿಯವರೆಗೆ ತಡೆಹಿಡಿಯದೆ, ಈ ವಾರದ ಸಂಘದ ಸಭೆಯಲ್ಲಿಯೇ ಎತ್ತಿರಿ, ನಿಮ್ಮ ಮನೆಯ ದೇವರ ಪಟವನ್ನು ಯಾವ ಪಕ್ಷದವರ ಕೈಗೂ ಕೊಡಬೇಡಿರಿ.