ಪಪುವಾ ನ್ಯೂಗಿನಿಯ ರಗ್ಬಿ ತಂಡ

ಭಾಷೆ ಒಂದಾದರೆ ಮಾತ್ರ ಜನ ಒಂದಾದಾರು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. 800ಕ್ಕೂ ಮಿಕ್ಕ ಭಾಷೆಗಳುಳ್ಳ ಪಪುವಾ ನ್ಯೂಗಿನಿಯ ಚರಿತ್ರೆಯನ್ನು ಓದಿದಾಗ ನನಗೆ ಈ ಮಾತಿನಲ್ಲಿ ಸಂದೇಹವುಂಟಾಯಿತು. ಆ ಜನರನ್ನು ಕೂಡಿಸಿರುವ ಶಕ್ತಿಗಳಲ್ಲಿ ರಗ್ಬಿ ಲೀಗ್ ಆಟವೂ ಒಂದು.

ಈ ಆಟದಲ್ಲಿ ಪಕ್ಷಕ್ಕೆ 13 ಜನ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದೋಡಿ ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಮುಟ್ಟಿಸಬೇಕು. ಆರು ಸಲ ಅವರ ಹಿಡಿತಕ್ಕೆ ಸಿಕ್ಕಿದರೆ ಚೆಂಡು ಅವರ ಪಾಲು. ನಮ್ಮ ಕಬಡ್ಡಿಯಂತೆ ಇದಕ್ಕೂ ಮೈಬಲ, ಧೈರ್ಯ ಎರಡೂ ಬೇಕು. ನಾಡನ್ನಾಳುತ್ತಿದ್ದ ಆಸ್ಟ್ರೇಲಿಯನ್ನರು ತಂದ ಆಟವನ್ನು ಅಲ್ಲಿಯ ಜನ ತಮ್ಮದಾಗಿಸಿಕೊಂಡರು.

1975ರ ಜುಲೈಯಲ್ಲಿ ರಾಷ್ಟ್ರತಂಡವು ಪೋರ್ಟ್ ಮೋರ್ಸ್‌ಬಿಯಲ್ಲಿ ಇಂಗ್ಲೆಂಡಿನೊಡನೆ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿ 12–40ರಿಂದ ಸೋತಿತು. ದೇಶ ಸ್ವತಂತ್ರವಾದುದು ಆ ಮೇಲೆ, ಸೆಪ್ಟೆಂಬರ್ 16ರಂದು! ತಂಡದ ಹೆಸರು ‘ಕುಮುಲ್ಸ್’, ಅಂದರೆ ಸ್ವರ್ಗಪಕ್ಷಿಗಳು. ರಾಷ್ಟ್ರಧ್ವಜದಲ್ಲಿಯೂ ಇರುವುದು ಅದೇ ಹಕ್ಕಿ. ತಂಡವು 1977ರಲ್ಲಿ ಫ್ರಾನ್ಸನ್ನೂ 1986ರಲ್ಲಿ ನ್ಯೂಜಿಲೆಂಡನ್ನೂ ಮಣಿಸಿತು. ಗ್ರೇಟ್ ಬ್ರಿಟನ್ ತಂಡವನ್ನು 1990ರಲ್ಲಿ ಗೊರೋಕದಲ್ಲಿ 20–18ರಿಂದಲೂ, 2019ರಲ್ಲಿ 28–10ರಿಂದಲೂ ಸೋಲಿಸಿತು.

ಶಾಲೆ, ರಸ್ತೆ, ಆಸ್ಪತ್ರೆಗಳ ಕೊರತೆಯನ್ನು ಆಟವು ತುಂಬಲಾರದು, ನಿಜ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಬೆಟ್ಟದವನೂ ಕರಾವಳಿಯವನೂ ಒಂದೇ ಹೆಸರನ್ನು ಕೂಗುವಾಗ ಒಂದೇ ನಾಡಿನವರಾಗುತ್ತಾರೆ. ಹಲವು ನುಡಿಗಳ ದೇಶದಲ್ಲಿ ಓದುತ್ತಿರುವ ನಾವು ಇದನ್ನು ಮನನ ಮಾಡತಕ್ಕದ್ದೆಂದು ನನ್ನ ಅಭಿಪ್ರಾಯ.