ನಿರಪೇಕ್ಷ ಮೌಲ್ಯ: ಶಿಕಾರಿಪುರದಿಂದ ಸೊರಬಕ್ಕೆ ನೇರ ದೂರ

ವಾಸ್ತವ ಸಂಖ್ಯೆಯೊಂದು ಸೊನ್ನೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಅದರ ನಿರಪೇಕ್ಷ ಮೌಲ್ಯ. ದೂರ ಎಂದೂ ಋಣವಾಗದು; ಹಾಗಾಗಿ |7| = 7, |−7| = 7, |0| = 0. ಈ ಲಂಬ ಗೆರೆಗಳ ಚಿಹ್ನೆಯನ್ನು 1841ರಲ್ಲಿ ಬಳಕೆಗೆ ತಂದವರು ಜರ್ಮನಿಯ ಕಾರ್ಲ್ ವೈಯರ್‌ಸ್ಟ್ರಾಸ್. √(ಕ²) = |ಕ|, ಬರೀ ಕ ಅಲ್ಲ; ಅವಸರದಲ್ಲಿ ಬರೆಯುವವರು ಎಡವುವುದು ಇಲ್ಲೇ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಆ ಮಾತು ಇಂದಿಗೂ ಸರಿ. −1ರ ವರ್ಗಮೂಲವನ್ನು ‘ಐ’ ಎಂದು ಒಪ್ಪಿಕೊಂಡಾಗ ಹುಟ್ಟುವುದು ಸಂಕೀರ್ಣ ಸಂಖ್ಯೆ. ಅದನ್ನು ಗುರುತಿಸಲು ರೇಖೆ ಸಾಲದು, ಸಮತಲ ಬೇಕು. ಮೂಲಬಿಂದುವಿನಿಂದ ಅದರ ದೂರ ಪೈಥಾಗೊರಸ್ ಪ್ರಮೇಯದಿಂದ ಸಿಗುತ್ತದೆ: |ಕ + ಗಐ| = √(ಕ² + ಗ²).

ಶಿಕಾರಿಪುರವನ್ನು ಮೂಲಬಿಂದು, ಪೂರ್ವವನ್ನು ವಾಸ್ತವ ಅಕ್ಷ, ಉತ್ತರವನ್ನು ಊಹಾ ಅಕ್ಷ ಎಂದಿಟ್ಟುಕೊಳ್ಳಬಹುದು. ಸೊರಬ ಅಲ್ಲಿಂದ ಸುಮಾರು 27 ಕಿ.ಮೀ. ಪಶ್ಚಿಮಕ್ಕೂ 12 ಕಿ.ಮೀ. ಉತ್ತರಕ್ಕೂ ಇದೆ, ಅಂದರೆ −27 + 12ಐ. 729 + 144 = 873, ಅದರ ವರ್ಗಮೂಲ ಸುಮಾರು 29.5 ಕಿ.ಮೀ. ವರ್ಗ ಮಾಡಬೇಕಾದದ್ದು 12ನ್ನು, 12ಐಯನ್ನಲ್ಲ; ಐ ಸೇರಿಸಿದರೆ 144 ಋಣವಾಗಿ ಉತ್ತರ ಕೆಡುತ್ತದೆ. ಸೊರಬದಿಂದ ಹಿಂದಿರುಗಿದರೆ 27 − 12ಐ, ಮೌಲ್ಯ ಅದೇ.

ಬಸ್ಸು ಸಾಗುವ ದಾರಿ ಇದಕ್ಕಿಂತ ಉದ್ದ. ತ್ರಿಭುಜ ಅಸಮಾನತೆ ಹೇಳುವುದೂ ಅದನ್ನೇ: |ಪ + ಫ| ≤ |ಪ| + |ಫ|. ಗುಣಾಕಾರದಲ್ಲಿ ಮಾತ್ರ ಸಮಾನತೆ ಯಾವಾಗಲೂ ನಿಲ್ಲುತ್ತದೆ: |ಪಫ| = |ಪ||ಫ|.